ಚೋಮ ಹಿಂತಿರುಗಿದ ದಾರಿ

ಶಿವರಾಮ ಕಾರಂತರ 'ಚೋಮನ ದುಡಿ' 1933ರಲ್ಲಿ ಬಂದ ಕಾದಂಬರಿ. ಓದಿದವರು ದುಡಿಯ ಸದ್ದಿನ ಬಗ್ಗೆ ಮಾತಾಡ್ತಾರೆ. ಬಿ.ವಿ. ಕಾರಂತರ 1975ರ ಸಿನಿಮಾ ನೋಡಿದವರು ವಾಸುದೇವ ರಾಯರ ಮುಖದ ಬಗ್ಗೆ ಮಾತಾಡ್ತಾರೆ. ನನಗೆ ಪ್ರತಿ ಸಲ ಓದಿದಾಗಲೂ ಕಾಡೋದು ಪಾದ್ರಿ. ಅವನು ಪುಟಗಳಲ್ಲಿ ಕಾಣಿಸಿಕೊಳ್ಳೋದು ಕಡಿಮೆ, ಆದರೆ ಕಥೆಯ ದೊಡ್ಡ ಪ್ರಶ್ನೆ ಅವನ ಸುತ್ತಲೇ ಇದೆ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಚೋಮ ಹೊಲೆಯರವನು, ಜೀತದಾಳು. ಅವನ ಹತ್ತಿರ ಎರಡು ಎತ್ತು ಇವೆ, ಉಳಲಿಕ್ಕೆ ಹೊಲ ಇಲ್ಲ. ಸ್ವಂತ ಬೇಸಾಯ ಮಾಡಬೇಕು ಅನ್ನೋದೊಂದೇ ಆಸೆ. ಧಣಿ ಸಂಕಪ್ಪಯ್ಯನನ್ನು ಕೇಳ್ತಾನೆ. ಸಂಕಪ್ಪಯ್ಯ ಕೆಟ್ಟವನಲ್ಲ, ಕೊಡೋ ಮನಸ್ಸೂ ಇದೆ. ಆದರೆ ತಾಯಿ ಬೇಡ ಅಂತಾಳೆ, ಅಲ್ಲಿಗೆ ಮುಗೀತು. ಇನ್ನೊಂದು ಕಡೆ ಮಿಷನ್ನಿನವರ ಹತ್ತಿರ ಭೂಮಿ ಇದೆ, ಕ್ರೈಸ್ತನಾದರೆ ಸಿಗತ್ತೆ. ಮಗ ಗುರುವ ಮದುವೆಯ ನೆಪದಲ್ಲಿ ಆ ಕಡೆ ಹೋಗಿಬಿಟ್ಟಿದ್ದಾನೆ. ಚೋಮನೂ ಒಂದು ದಿನ ಹೊರಡ್ತಾನೆ. ಆದರೆ ಮನೆದೈವ ಪಂಜುರ್ಲಿಯ ಎಳೆತ ತಡೀಲಾರದೆ ವಾಪಸ್ ಬರ್ತಾನೆ. ಹೊಲ ಸಿಗಲ್ಲ.

ಇದನ್ನು ಸಾಮಾನ್ಯವಾಗಿ ಎರಡು ರೀತಿ ಓದ್ತಾರೆ. ಪಾದ್ರಿ ಗಾಳ ಹಾಕಿದ, ಚೋಮ ಸಿಕ್ಕಿಬೀಳಲಿಲ್ಲ ಅನ್ನೋದು ಒಂದು. ಮೂಢನಂಬಿಕೆಯಿಂದ ಚೋಮ ಬಿಡುಗಡೆಯ ಬಾಗಿಲನ್ನೇ ಮುಚ್ಚಿಕೊಂಡ ಅನ್ನೋದು ಇನ್ನೊಂದು. ಎರಡರಲ್ಲೂ ಪಾದ್ರಿಯನ್ನು ಅವನದೇ ನಂಬಿಕೆಯ ಅಳತೆಯಲ್ಲಿ ಯಾರೂ ಅಳೆಯಲ್ಲ. ಅಳೆದು ನೋಡೋಣ.

ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ಹೇಳುವ ಒಂದು ಕಥೆ ಇದೆ. ಕಳ್ಳರು ಹೊಡೆದು ಬಿಸಾಕಿದ ಒಬ್ಬ ಯೆಹೂದ್ಯ ದಾರೀಲಿ ಬಿದ್ದಿದ್ದಾನೆ. ಅವನ ಕಡೆಯ ಯಾಜಕನೇ ನೋಡಿ ಪಕ್ಕಕ್ಕೆ ಸರಿದು ಹೋಗ್ತಾನೆ. ಎತ್ತಿಕೊಳ್ಳೋದು ಒಬ್ಬ ಸಮಾರ್ಯದವನು. ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಕೆ ಇರಲಿಲ್ಲ, ನಮ್ಮಲ್ಲಿ ಊರಿಗೂ ಕೇರಿಗೂ ಇದ್ದ ಹಾಗೆ ಅಂದುಕೊಳ್ಳಿ. ಅವನು ಗಾಯಕ್ಕೆ ಎಣ್ಣೆ ಹಾಕಿ, ತನ್ನ ಕತ್ತೆ ಮೇಲೆ ಕೂರಿಸಿ, ಛತ್ರಕ್ಕೆ ಮುಟ್ಟಿಸಿ, ಛತ್ರದವನಿಗೆ ಎರಡು ನಾಣ್ಯ ಕೊಟ್ಟು ಹೊರಟುಹೋಗ್ತಾನೆ. ಗಾಯಾಳುವಿನ ಹೆಸರೂ ಕೇಳಲ್ಲ. ಮತ್ತಾಯನ 25ನೇ ಅಧ್ಯಾಯ ಇನ್ನೂ ಕಠಿಣ. ಕಡೆಯ ತೀರ್ಪಿನ ದಿನ ಅಲ್ಲಿ ಲೆಕ್ಕಕ್ಕೆ ಬರೋದು ಹಸಿದವನಿಗೆ ಅನ್ನ ಕೊಟ್ಟೆಯಾ, ಜೈಲಲ್ಲಿದ್ದವನನ್ನು ನೋಡಲಿಕ್ಕೆ ಹೋದೆಯಾ ಅನ್ನೋದೇ. ಕೊಟ್ಟವರಿಗೆ ತಾವು ದೇವರಿಗೆ ಕೊಟ್ಟಿದ್ದು ಅಂತಲೂ ಗೊತ್ತಿರಲ್ಲ, ಅವರಿಗೇ ಆಶ್ಚರ್ಯ ಆಗತ್ತೆ.

ಈ ಅಳತೆಯಲ್ಲಿ ಕಾದಂಬರಿಯ ಮಿಷನ್ನು ಸೋಲತ್ತೆ. ಚೋಮ ಬೇಡ ಅಂದ ತಕ್ಷಣ ಹೊಲವೂ ಇಲ್ಲ ಅಂತಾದರೆ, ಅವನಿಗೆ ಕೊಡಲು ಹೊರಟಿದ್ದು ಹೊಲ ಅಲ್ಲ. ಅದು ವ್ಯಾಪಾರ. ಬೇಡ ಅಂದವನಿಗೂ ಸಿಕ್ಕರೆ ಮಾತ್ರ ಸೇವೆ ಅನ್ನಬಹುದು.

ಆದರೆ ಇತಿಹಾಸದ ಕಡೆಯಿಂದ ಒಂದು ತಕರಾರು ಇದೆ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಕ್ರೈಸ್ತರಾದವರನ್ನು ಮನೆ, ಜಾತಿ, ಒಕ್ಕಲು ಎಲ್ಲದರಿಂದ ಹೊರಗೆ ಹಾಕ್ತಿದ್ದರು. ಅವರಿಗೆ ಬದುಕೋ ದಾರಿ ಬೇಕಲ್ಲ? ಅದಕ್ಕೇ ನೇಯ್ಗೆ, ಮುದ್ರಣ, 1865ರಲ್ಲಿ ಹೆಂಚಿನ ಕಾರ್ಖಾನೆ ಶುರುವಾದವು. ಆಮಿಷ ಅಂತ ನಾವು ಕರೆಯೋದರಲ್ಲಿ ಒಂದು ಪಾಲು, ನಾವೇ ಕಿತ್ತುಕೊಂಡಿದ್ದಕ್ಕೆ ಪರಿಹಾರ ಆಗಿತ್ತು. ಕಾರಂತರು ಈ ಬದಿಯನ್ನು ಹೆಚ್ಚು ತೋರಿಸಲ್ಲ. ಕಾದಂಬರಿ ಮುಚ್ಚಿಟ್ಟ ಮೇಲೂ ನೆನಪಲ್ಲಿ ಉಳಿಯೋ ಕ್ರೈಸ್ತ ಅಂದರೆ ಎಸ್ಟೇಟಿನ ಮನ್ವೇಲ, ಸಾಲದ ನೆಪದಲ್ಲಿ ಬೆಳ್ಳಿಯನ್ನು ಬಳಸಿಕೊಳ್ಳೋನು. ಕೇಳದೆ ಕೊಡುವ ಒಬ್ಬ ಕ್ರೈಸ್ತನಿಗೆ ಈ ಪುಸ್ತಕದಲ್ಲಿ ಜಾಗ ಇಲ್ಲ. ಇದು ಕಾದಂಬರಿಯ ಕೊರತೆ ಅಂತಲೇ ನನ್ನ ಅಭಿಪ್ರಾಯ.

ಕೇಳದೆ ಕೊಟ್ಟವರು ಇರಲಿಲ್ವಾ? ನಾನು ಸುರಪುರ ತಾಲೂಕಿನ ದೇವಾಪುರದವನು. ನಮ್ಮ ಕಡೆ ಟೇಲರ್ ಸಾಹೇಬನ ಹೆಸರು ಇನ್ನೂ ಇದೆ. ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಸುರಪುರಕ್ಕೆ ಅಧಿಕಾರಿಯಾಗಿ ಬಂದವನು, 1853ರವರೆಗೆ ಇದ್ದ. ಅವನು ಪಾದ್ರಿ ಅಲ್ಲ. ಅವನು ತೀರಿಕೊಂಡ ಮೇಲೆ, 1877ರಲ್ಲಿ ಅಚ್ಚಾದ ಆತ್ಮಕಥೆಯಲ್ಲಿ ಧರ್ಮಬೋಧೆ ಹುಡುಕಿದರೆ ಸಿಗೋದು ಕಡಿಮೆ. ಸಿಗೋದು ರಸ್ತೆ, ಕಂದಾಯದ ಲೆಕ್ಕ, ಕೆರೆ. ನಾಯಕ ಅರಸರ ಕಾಲದ ಬೋನಾಳ ಕೆರೆಯ ಕೆಲಸ ಮಾಡಿಸಿದವನು ಅವನು. ಈಗ ಅದು ಪಕ್ಷಿಧಾಮ. ಆ ಕೆರೆ ಯಾರ ದೇವರನ್ನೂ ಕೇಳಲಿಲ್ಲ.

ಟೇಲರನನ್ನು ಹೊಗಳಿ ಮುಗಿಸಬಹುದಿತ್ತು, ನಮ್ಮೂರಲ್ಲಿ ಹಾಗೇ ಮಾಡ್ತಾರೆ. ಆದರೆ ಚೋಮನನ್ನು ಓದಿದ ಮೇಲೆ ಹಾಗೆ ಆಗಲ್ಲ. ಟೇಲರ್ ತನ್ನ ಮಗನ ಹಾಗೆ ಬೆಳೆಸಿದ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಅವರ ಕೈದಿಯಾಗಿಯೇ ಸತ್ತ. ಪ್ರೀತಿ ಇದ್ದರೂ ಟೇಲರ್ ಯಾರ ಕಡೆಯವನು ಅನ್ನೋದು ಬದಲಾಗಲಿಲ್ಲ. ಅದಕ್ಕಿಂತ ಮುಖ್ಯ, ಕೆರೆಯ ನೀರು ಹರಿಯೋದು ಹೊಲ ಇದ್ದವರ ಹೊಲಕ್ಕೆ. ಚೋಮನಂಥವನಿಗೆ ಹೊಲವೇ ಇಲ್ಲ. ಷರತ್ತಿಲ್ಲದ ಕೊಡುಗೆ ಅವನ ತನಕ ಮುಟ್ಟೋದೇ ಇಲ್ಲ. ಮುಟ್ಟಿದ ಕೊಡುಗೆಗೆ ಷರತ್ತಿದೆ. ಅವನ ಗುಡಿಸಲಿನ ತನಕ ನಡೆದು ಬಂದವನು, ಷರತ್ತಿನ ಸಮೇತ ಬಂದರೂ, ಪಾದ್ರಿಯೇ. ಸಮಾರ್ಯದವನ ಕಥೆ ಕಷ್ಟ ಆಗೋದು ಇಲ್ಲಿ. ಅವನು ಬಿದ್ದವನ ಹತ್ತಿರಕ್ಕೂ ಹೋದ, ಏನೂ ಕೇಳಲೂ ಇಲ್ಲ. ಎರಡನ್ನೂ ಒಟ್ಟಿಗೆ ಮಾಡೋದು ಅಪರೂಪ.

ಈ ಮಾತು ಕ್ರೈಸ್ತರಿಗಷ್ಟೇ ಅಲ್ಲ. ನಮ್ಮ ಶರಣರ ನಾಡಲ್ಲಿ ಅದಕ್ಕೆ ದಾಸೋಹ ಅಂತ ಹೆಸರಿದೆ, ಕೊಡುವವನು ದಾಸ ಅನ್ನೋ ಅರ್ಥದಲ್ಲಿ. ಬೆಂಗಳೂರಿನ ಆಫೀಸುಗಳಲ್ಲಿ ಸಿಎಸ್ಆರ್ ಅಂತಾರೆ. ಶನಿವಾರ ಒಂದೇ ಬಣ್ಣದ ಟೀಶರ್ಟ್ ಹಾಕ್ಕೊಂಡು ಸರ್ಕಾರಿ ಶಾಲೆಗೆ ಹೋಗ್ತೀವಿ, ಗೋಡೆಗೆ ಬಣ್ಣ ಬಳೀತೀವಿ, ಬ್ಯಾಗ್ ಹಂಚ್ತೀವಿ. ಆಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ. ನಾವು ದೇವರನ್ನು ಬದಲಾಯಿಸು ಅಂತ ಕೇಳಲ್ಲ ನಿಜ. ಆದರೆ ಫೋಟೋಗೆ ನಿಲ್ಲಲ್ಲ ಅಂದ ಹುಡುಗಿಗೆ ಬ್ಯಾಗ್ ಕೊಡ್ತೀವಾ? ಕೊಡಬಹುದು. ಆದರೆ ನಿಲ್ಲಲ್ಲ ಅನ್ನಬಹುದು ಅಂತ ಅವಳಿಗೆ ಯಾರೂ ಹೇಳಿರಲ್ಲ.

ಈಗ ಕಾನೂನಿನ ಮಾತು. 2022ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ಮತಾಂತರ ನಿಷೇಧ ಕಾಯ್ದೆಯಲ್ಲಿ ಆಮಿಷದ ಪಟ್ಟಿ ಉದ್ದ ಇತ್ತು: ಉಡುಗೊರೆ, ಹಣ, ಕೆಲಸ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಉತ್ತಮ ಜೀವನದ ಭರವಸೆ. 2023ರಲ್ಲಿ ಹೊಸ ಸಂಪುಟ ಅದನ್ನು ಹಿಂಪಡೆಯೋ ತೀರ್ಮಾನ ಮಾಡಿತು. ಕಾಯ್ದೆ ಸರಿಯೋ ತಪ್ಪೋ ಅನ್ನೋ ಜಗಳ ಬೇರೆ. ಚೋಮನ ಕಥೆಯನ್ನು ಪಕ್ಕದಲ್ಲಿಟ್ಟುಕೊಂಡು ಆ ಪಟ್ಟಿ ಓದಿ ನೋಡಿ. ಹೊಲ ತೋರಿಸಿದ ಪಾದ್ರಿ ಅದರೊಳಗೆ ಬರ್ತಾನೆ. ಹೊಲ ಕೊಡದ ಸಂಕಪ್ಪಯ್ಯ ಯಾವ ಪಟ್ಟಿಯಲ್ಲೂ ಬರಲ್ಲ. ಚೋಮನ ಮಗ ನೀರಲ್ಲಿ ಮುಳುಗುವಾಗ, ಮುಟ್ಟಬಾರದು ಅಂತ ದಡದಲ್ಲೇ ನಿಂತವರೂ ಬರಲ್ಲ.

ನನಗೆ ಕಾರಂತರ ಮೇಲೆ ಗೌರವ ಹೆಚ್ಚಾಗೋದು ಇದಕ್ಕೇ. ಪಾದ್ರಿಗೆ ಪೂರ್ತಿ ನ್ಯಾಯ ಸಿಗದಿದ್ದರೂ, ಅವನನ್ನು ಖಳನಾಯಕ ಮಾಡಿ ಊರನ್ನು ಪಾರು ಮಾಡಿಸಲಿಲ್ಲ ಅವರು. ಸಂಕಪ್ಪಯ್ಯನನ್ನು ಒಳ್ಳೆಯವನಾಗಿಯೇ ಬರೆದರು. ಒಳ್ಳೆಯ ಮನಸ್ಸಿನ ಧಣಿ, ಕನಿಕರ ಇದ್ದವನು, ಮನೆಯವರ ಮಾತು ಮೀರದವನು. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಇಂಥವರು ತುಂಬಾ ಜನ ಇದ್ದಾರೆ, ನಾನೂ ಸೇರಿ. ಮುಂದಿನ ಸಲ ಯಾರಾದರೂ 'ಅವರು ಸೇವೆ ಮಾಡೋದೇ ಮತಾಂತರಕ್ಕೆ' ಅಂದಾಗ ಒಪ್ಪಬಹುದು, ವಾದಕ್ಕೂ ಇಳೀಬಹುದು. ಅದಕ್ಕೆ ಮುಂಚೆ ಒಂದು ಪ್ರಶ್ನೆ ಕೇಳಿಬಿಡಿ: ಚೋಮ ಮೊದಲು ಕೇಳಿದ್ದು ಯಾರನ್ನ?