ಮೊಳೆ ಅಚ್ಚಿನ ಪುಟವನ್ನು ನೋಡುವ ಬಗೆ

ಲೆಟರ್‌ಪ್ರೆಸ್ ಮುದ್ರಣಕ್ಕೆ ಈಗ ಮತ್ತೆ ಬಂದಿರುವ ಬೇಡಿಕೆ ಹೆಚ್ಚಾಗಿ ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡುಗಳದ್ದು. ದಪ್ಪನೆಯ ಹತ್ತಿ ಕಾಗದದಲ್ಲಿ ಅಕ್ಷರ ಆಳವಾಗಿ ಇಳಿದಿರಬೇಕು, ಬೆರಳಾಡಿಸಿದರೆ ತಗ್ಗು ಸಿಗಬೇಕು ಎಂಬುದು ಇಂದಿನ ರುಚಿ. ಹೊಸದಾಗಿ ಈ ಕಲೆಗೆ ಒಲಿದವರು ಅಲ್ಲಿಗೇ ನಿಲ್ಲಬಾರದು. ಹಳೆಯ ಅಚ್ಚುಕೂಟಗಳಲ್ಲಿ ಈ ಆಳವೇ ದೋಷ. ಸೀಸದ ಮೊಳೆ ಹೆಚ್ಚು ಒತ್ತಿದಷ್ಟೂ ಬೇಗ ಸವೆಯುತ್ತದೆ. ಹಾಳೆಯ ಎರಡು ಮಗ್ಗುಲಿಗೂ ಅಚ್ಚು ಹಾಕುವಾಗ ಈ ಪುಟದ ಉಬ್ಬು ಆ ಪುಟದ ಓದನ್ನು ಕೆಡಿಸುತ್ತದೆ. ಆದ್ದರಿಂದ ಮೊದಲು ನೋಡಬೇಕಾದ್ದು ಮಸಿಯನ್ನು, ಆಮೇಲೆ ಅಕ್ಷರಗಳ ನಡುವೆ ಉಳಿದ ಬಿಳಿಯನ್ನು.

ಆಳ ಬೇಡವಾದರೆ ಆಫ್‌ಸೆಟ್ಟೇ ಸಾಕಲ್ಲ ಎಂದು ಕೇಳಬಹುದು. ಭೂತಗನ್ನಡಿ ಹಿಡಿದರೆ ಉತ್ತರ ಕಾಣುತ್ತದೆ. ಮೊಳೆ ಒತ್ತಿದಾಗ ಮಸಿ ಅಂಚಿಗೆ ಸರಿದು ಅಕ್ಷರದ ಸುತ್ತ ತೆಳುವಾದ ಕಪ್ಪು ಗೆರೆ ಕಟ್ಟುತ್ತದೆ; ಆಫ್‌ಸೆಟ್‌ನಲ್ಲಿ ಅದಿಲ್ಲ. ವಿಲಿಯಂ ಮಾರಿಸ್ ತಮ್ಮ ಕೆಲ್ಮ್‌ಸ್ಕಾಟ್ ಪ್ರೆಸ್‌ನಿಂದ 1896ರಲ್ಲಿ ಹೊರತಂದ ಚಾಸರ್ ಸಂಪುಟದಲ್ಲಿ ಒತ್ತು ಎದ್ದು ಕಾಣುತ್ತದೆ, ನಿಜ. ಆದರೆ ಅದು ನೆನೆಸಿದ ಕೈಕಾಗದಕ್ಕೆ ಮಸಿ ದಟ್ಟವಾಗಿ ಹಿಡಿಯಲೆಂದು ಕೊಟ್ಟ ಒತ್ತು. ಅಲ್ಲಿ ಮನಸ್ಸು ಸೆಳೆಯುವುದು ಪುಟದುದ್ದಕ್ಕೂ ಒಂದೇ ಹದದಲ್ಲಿ ನಿಂತ ಕಪ್ಪು.

ಕನ್ನಡದಲ್ಲಿ ಈ ಪರೀಕ್ಷೆ ಇನ್ನೂ ಕಠಿಣ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಅವಕ್ಕೆ ಜಾಗ ಬಿಡಬೇಕು, ಸಾಲುಗಳು ಚದುರಿದಂತೆಯೂ ಕಾಣಬಾರದು. ಮಂಗಳೂರಿನ ಬಾಸೆಲ್ ಮಿಶನ್ 1894ರಲ್ಲಿ ಅಚ್ಚು ಹಾಕಿದ ಕಿಟ್ಟೆಲ್ ನಿಘಂಟಿನಲ್ಲಿ ಕನ್ನಡ, ರೋಮನ್ ಎರಡೂ ಒಂದೇ ಸಾಲಿನಲ್ಲಿ ಕೂತಿವೆ. ಗ್ರಂಥಾಲಯದಲ್ಲಿ ಮೂಲ ಪ್ರತಿ ಸಿಕ್ಕರೆ ಅರ್ಥ ಹುಡುಕುವ ಮೊದಲು ಒಂದು ಪುಟವನ್ನು ಬೆಳಕಿಗೆ ಓರೆಯಾಗಿ ಹಿಡಿದು, ಗಾತ್ರ ಬೇರೆಯಾದ ಈ ಎರಡು ಲಿಪಿಗಳನ್ನು ಕಂಪೋಸಿಟರ್ ಒಂದೇ ನೇರಕ್ಕೆ ತಂದ ಬಗೆಯನ್ನು ನೋಡಿ. ಫೋಟೊ ತೆಗೆದು ಮಾಡಿದ ಮರುಮುದ್ರಣದಲ್ಲಿ ಜೋಡಣೆ ಕಂಡೀತು, ಅಚ್ಚಿನ ಒತ್ತು ಸಿಗದು.

ಕಂಪ್ಯೂಟರಿನಲ್ಲಿ ಜೋಡಿಸಿ ಪಾಲಿಮರ್ ಪ್ಲೇಟಿನಿಂದ ಒತ್ತಿದ್ದು ನಿಜವಾದ ಲೆಟರ್‌ಪ್ರೆಸ್ಸೇ ಅಲ್ಲ ಎನ್ನುವವರೂ ಇದ್ದಾರೆ. ಈ ಮಾತು ಅರ್ಧ ಸರಿ. ಮೊಳೆ ಜೋಡಿಸುವ ಕೈಚಳಕ ಅಲ್ಲಿಲ್ಲ. ಆದರೆ ಮಸಿಯ ಹದ, ಹಾಳೆಯ ಅಡಿಗೆ ಕೊಡುವ ಪ್ಯಾಕಿಂಗ್, ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರಿಸುವುದು ಇಂದಿಗೂ ಮಷಿನ್‌ಮ್ಯಾನ್‌ನ ಕೈಯಲ್ಲೇ ಇದೆ. ಮೊಳೆಗಳೇ ಇಲ್ಲವಾದ ಕಡೆ ಪ್ಲೇಟು ನೆರವಿಗೂ ಬರುತ್ತದೆ. ಡವ್ಸ್ ಪ್ರೆಸ್‌ನ ಒಡೆಯ ಕಾಬ್ಡನ್-ಸ್ಯಾಂಡರ್ಸನ್ ಥೇಮ್ಸ್ ನದಿಗೆ ಸುರಿದ ಮೊಳೆಗಳಲ್ಲಿ ಸುಮಾರು 150 ಮತ್ತೆ ಸಿಕ್ಕಿವೆ. ಆ ಅಕ್ಷರ ಈಗ ಡಿಜಿಟಲ್ ರೂಪದಲ್ಲಿದೆ. ಅದನ್ನು ಮತ್ತೆ ಕಾಗದಕ್ಕೆ ಒತ್ತಲು ಪಾಲಿಮರ್ ಪ್ಲೇಟೇ ಸುಲಭದ ದಾರಿ. ಅಂಥ ಕೆಲಸ ಕೈಗೆ ಬಂದಾಗ ಜೋಡಣೆಯನ್ನೂ ಒತ್ತನ್ನೂ ಬೇರೆಬೇರೆಯಾಗಿ ತೂಗಿ ನೋಡಿ.