ಬಣ್ಣದ ಗುರುತೋ ಮೀಸಲು ದಾರಿಯೋ: ಹೈದರಾಬಾದಿನ ಸೈಕಲ್ ಪಥಗಳ ಒಂದು ವಿಮರ್ಶೆ

ಹೈದರಾಬಾದಿನ ಹೊರವರ್ತುಲ ರಸ್ತೆಯ ಮಗ್ಗುಲಲ್ಲಿ ೨೦೨೩ನೆಯ ಇಸವಿಯ ಅಕ್ಟೋಬರ್ ೧ರಂದು ಸೈಕಲ್ ಸವಾರರಿಗಾಗಿಯೇ ಮೀಸಲಾದ ಒಂದು ದಾರಿಯ ಪ್ರಾರಂಭೋತ್ಸವ ಜರುಗಿತು. ಅದರ ಉದ್ದ ೨೩ ಕಿಲೋಮೀಟರು, ಅಗಲ ನಾಲ್ಕೂವರೆ ಮೀಟರು. ನೆತ್ತಿಯ ಮೇಲೆ ೧೬ ಮೆಗಾವಾಟ್ ವಿದ್ಯುತ್ತನ್ನು ಉತ್ಪಾದಿಸುವ ಸಾಮರ್ಥ್ಯವುಳ್ಳ ಸೌರಫಲಕಗಳ ಮಾಡು. ನಾನಕ್‌ರಾಮ್‌ಗುಡದಿಂದ ಪೊಲೀಸ್ ಅಕಾಡೆಮಿಯವರೆಗೆ ಒಂದು ಭಾಗ, ನಾರ್ಸಿಂಗಿಯಿಂದ ಕೊಲ್ಲೂರಿನವರೆಗೆ ಇನ್ನೊಂದು. ಬಿಸಿಲಿನಿಂದಲೂ ಮೋಟಾರಿನಿಂದಲೂ ಏಕಕಾಲದಲ್ಲಿ ರಕ್ಷಣೆ ನೀಡುವ ಇಂಥ ದಾರಿ ಭಾರತದ ಮತ್ತಾವ ನಗರಕ್ಕೂ ಅದುವರೆಗೆ ದೊರೆತಿರಲಿಲ್ಲವೆಂಬ ಹೆಮ್ಮೆ ಅಂದು ವ್ಯಕ್ತವಾಯಿತು. ಇದೇ ನಗರದ ಕಾಚಿಗುಡದಲ್ಲಿ, ಬಡೀಚೌಡಿಯಲ್ಲಿ, ಸುಲ್ತಾನ್ ಬಜಾರಿನಲ್ಲಿ ಬೆಳಗಿನ ಪತ್ರಿಕೆ ಹಂಚುವ ಹುಡುಗನೂ, ರಾತ್ರಿಯ ಪಾಳಿ ಮುಗಿಸಿ ಮನೆಗೆ ಮರಳುವ ಕಾವಲುಗಾರನೂ ಆ ದಿನವೂ ಎಂದಿನಂತೆ ಬಸ್ಸು ಆಟೋಗಳ ನಡುವೆ ಜಾಗ ಹುಡುಕಿಕೊಂಡೇ ಸೈಕಲ್ ತುಳಿದರು. ಈ ಎರಡು ದೃಶ್ಯಗಳ ನಡುವಣ ಅಂತರವೇ ಪ್ರಸ್ತುತ ವಿಮರ್ಶೆಯ ವಿಷಯ.

ನಗರದ ರಸ್ತೆಯಲ್ಲಿ ಸೈಕಲ್ಲಿಗೆ ಸ್ಥಾನ ಕಲ್ಪಿಸುವ ಬಗೆಯಲ್ಲಿ ಎರಡು ಪಂಥಗಳುಂಟು. ರಸ್ತೆ ಎಲ್ಲರದು, ಸೈಕಲ್ಲೂ ಒಂದು ವಾಹನ, ಅದಕ್ಕೂ ಅಲ್ಲಿ ಹಕ್ಕಿದೆಯೆಂಬುದನ್ನು ನೆಲದ ಮೇಲೆ ಚಿತ್ರ ಬರೆದು ನೆನಪಿಸಿದರೆ ಸಾಕು ಎಂಬುದು ಮೊದಲನೆಯ ಪಂಥ. ಇದನ್ನು ಸಹಪಥ ಚಿಹ್ನೆಯ ಪಂಥವೆನ್ನಬಹುದು. ವೇಗವೂ ತೂಕವೂ ಇಷ್ಟೊಂದು ಭಿನ್ನವಾಗಿರುವ ವಾಹನಗಳನ್ನು ಒಂದೇ ಹಾದಿಯಲ್ಲಿ ಕೂಡಿಸುವುದು ಅನ್ಯಾಯ, ಆದ್ದರಿಂದ ಸೈಕಲ್ಲಿಗೆ ಪ್ರತ್ಯೇಕವಾದ ದಾರಿಯೇ ಬೇಕು ಎಂಬುದು ಎರಡನೆಯದು. ಇದು ಮೀಸಲು ಪಥದ ಪಂಥ. ಎರಡಕ್ಕೂ ಸಮರ್ಥರಾದ ವಕೀಲರಿದ್ದಾರೆ. ಎರಡರ ಗುಣದೋಷಗಳನ್ನೂ ಪಕ್ಷಪಾತವಿಲ್ಲದೆ ತೂಗಿ ನೋಡುವುದು ಅವಶ್ಯ.

ಸಹಪಥ ಚಿಹ್ನೆ ಹುಟ್ಟಿದ್ದು ಅಮೆರಿಕದ ಡೆನ್ವರ್ ನಗರದಲ್ಲಿ, ೧೯೯೩ರಲ್ಲಿ. ಅಲ್ಲಿನ ಸೈಕಲ್ ಸಂಚಾರದ ಅಧಿಕಾರಿ ಜೇಮ್ಸ್ ಮೆಕೇ ಎಂಬುವರು ಇದರ ಮೂಲ ಕಲ್ಪಕರು. ಸಾನ್ ಫ್ರಾನ್ಸಿಸ್ಕೋ ನಗರ ೨೦೦೪ರಲ್ಲಿ ಇದನ್ನು ಪರೀಕ್ಷಿಸಿತು. ಸೈಕಲ್ಲಿನ ಚಿತ್ರ, ಅದರ ಮೇಲೆ ಬಾಣದ ತುದಿಯಂಥ ಎರಡು ಗೆರೆ ಎಂಬ ಈಗಿನ ರೂಪ ಪ್ರಚಾರಕ್ಕೆ ಬಂದದ್ದು ಅಲ್ಲಿಂದ. ೨೦೦೯ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಚಾರ ಚಿಹ್ನೆಗಳ ಕೈಪಿಡಿಯಲ್ಲಿ ಅದಕ್ಕೆ ಸ್ಥಾನ ದೊರೆಯಿತು. ಇದರ ಮೂಲೋದ್ದೇಶ ಸಣ್ಣದು, ಆದರೆ ನಿಜವಾದದ್ದು. ರಸ್ತೆಯಂಚಿನಲ್ಲಿ ನಿಂತ ಕಾರಿನ ಬಾಗಿಲು ಫಕ್ಕನೆ ತೆರೆದರೆ ಪಕ್ಕದಲ್ಲಿ ಹಾದುಹೋಗುವ ಸವಾರ ಅದಕ್ಕೆ ಬಡಿದು ಬೀಳುತ್ತಾನೆ. ಅಂಥ ಕಡೆ ಚಿಹ್ನೆಯನ್ನು ಅಂಚಿನಿಂದ ಕನಿಷ್ಠ ಹನ್ನೊಂದು ಅಡಿ ದೂರದಲ್ಲಿ ಬರೆದು, ಸವಾರನನ್ನು ಬಾಗಿಲಿನ ಅಪಾಯದಿಂದ ಆಚೆಗೆ ಕರೆಯುವುದು ಇದರ ಆಶಯ. ಸುಲ್ತಾನ್ ಬಜಾರಿನಲ್ಲಿ ಸಾಲಾಗಿ ನಿಂತ ಕಾರುಗಳ ಮಗ್ಗುಲಲ್ಲಿ ಸೈಕಲ್ ತುಳಿದವರಿಗೆ ಈ ಆಶಯದ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಆದರೆ ಆಶಯ ಒಳ್ಳೆಯದೆಂದ ಮಾತ್ರಕ್ಕೆ ಕೃತಿ ಸಫಲವಾಗುವುದಿಲ್ಲ. ಷಿಕಾಗೋ ನಗರದ ಬಡಾವಣೆಗಳ ಹಲವು ವರ್ಷಗಳ ಅಂಕಿಗಳನ್ನು ಹೋಲಿಸಿ ಫೆರೆನ್‌ಚಾಕ್ ಮತ್ತು ಮಾರ್ಷಲ್ ಎಂಬ ವಿದ್ವಾಂಸರು ೨೦೧೬ರಲ್ಲಿ ಒಂದು ಅಧ್ಯಯನವನ್ನು ಮಂಡಿಸಿದರು. ಸೈಕಲ್ ಪಥಗಳಿದ್ದ ಭಾಗಗಳಲ್ಲಿ ಸವಾರರ ಸಂಖ್ಯೆಗೆ ಅನುಗುಣವಾದ ಗಾಯಗಳ ಪ್ರಮಾಣ ನೂರಕ್ಕೆ ಸುಮಾರು ೪೨ರಷ್ಟು ಇಳಿದಿತ್ತು. ಏನನ್ನೂ ಮಾಡದೆ ಬಿಟ್ಟ ಭಾಗಗಳಲ್ಲಿ ಸುಮಾರು ೩೭ರಷ್ಟು. ಬರಿಯ ಚಿಹ್ನೆ ಬರೆದ ಭಾಗಗಳಲ್ಲಿ ಸುಮಾರು ೨೦ರಷ್ಟು ಮಾತ್ರ. ಒಂದೇ ನಗರದ ಅಂಕಿಗಳಿಂದ ಸಿದ್ಧಾಂತ ಕಟ್ಟುವುದು ಅವಸರದ ಕೆಲಸವಾದೀತು. ಆದರೂ ಏನನ್ನೂ ಮಾಡದ ರಸ್ತೆಗಿಂತ ಚಿತ್ರ ಬರೆದ ರಸ್ತೆಯಲ್ಲಿ ಸುಧಾರಣೆ ಕಡಿಮೆಯಾದದ್ದು ಯೋಚಿಸತಕ್ಕ ಸಂಗತಿ. ಶಬ್ದಾರ್ಥಗಳ ಸಂಬಂಧ ಸಂಕೇತದ ಬಲದಿಂದ ನಿಲ್ಲುತ್ತದೆಂದು ಶಾಸ್ತ್ರಕಾರರು ಹೇಳುತ್ತಾರೆ. ನೆಲದ ಮೇಲಣ ಚಿತ್ರವೂ ಒಂದು ಶಬ್ದವೇ. ಅದರ ಅರ್ಥವನ್ನು ಲಾರಿ ನಡೆಸುವವನು ಒಪ್ಪಿರದಿದ್ದರೆ, ಒಪ್ಪಿಸುವ ಶಕ್ತಿ ಆ ರಸ್ತೆಯ ರಚನೆಯಲ್ಲಿಯೂ ಇರದಿದ್ದರೆ, ಅದು ಠೇವಣಿಯಿಲ್ಲದ ಖಾತೆಯ ಮೇಲೆ ಬರೆದ ಚೆಕ್ಕಿನಂತೆ. ಅದನ್ನು ನಂಬಿದವನೇ ನಷ್ಟಕ್ಕೆ ಗುರಿಯಾಗುತ್ತಾನೆ.

ಇನ್ನು ಮೀಸಲು ಪಥದ ವಿಚಾರ. ಹೊರವರ್ತುಲ ರಸ್ತೆಯ ದಾರಿಗೆ ದಕ್ಷಿಣ ಕೊರಿಯಾದಲ್ಲಿ ಡೇಜಾನ್ ಮತ್ತು ಸೆಜಾಂಗ್ ನಗರಗಳ ನಡುವೆ ಹೆದ್ದಾರಿಯ ಮಧ್ಯದಲ್ಲಿಯೇ ನಿರ್ಮಿಸಿದ ಸೌರಮಾಡಿನ ಪಥ ಸ್ಫೂರ್ತಿ. ರಚನೆಯ ದೃಷ್ಟಿಯಿಂದ ಹೈದರಾಬಾದಿನ ದಾರಿ ಪ್ರಶಂಸೆಗೆ ಅರ್ಹವಾದದ್ದು. ಎರಡು ಸೈಕಲ್ಲುಗಳು ಜೊತೆಯಾಗಿ ಸಾಗುತ್ತಿರುವಾಗಲೂ ಮೂರನೆಯದು ಎದುರಿನಿಂದ ಬರಬಹುದಾದಷ್ಟು ಅಗಲ, ಎರಡು ಬದಿಗೂ ಹಸುರು, ರಾತ್ರಿ ಬೆಳಕು, ಮಳೆಬಿಸಿಲುಗಳಿಂದ ಮರೆ. ಇಲ್ಲಿ ಚಿಹ್ನೆ ಮಾತ್ರವಲ್ಲ, ಅದರ ಅರ್ಥವೂ ಕಾಂಕ್ರೀಟಿನಲ್ಲಿ ನಿಂತಿದೆ.

ಹಾಗಿದ್ದರೆ ಕೊರತೆ ಯಾವುದು? ದಾರಿ ಇದೆ, ಅದು ಹೋಗಬೇಕಾದ ಊರು ಇಲ್ಲ. ಬಾಲ್ಯದಲ್ಲಿ ಸೈಕಲ್ ಕಲಿತವರೆಲ್ಲರೂ ಅದನ್ನು ಶಾಲೆಗೆ, ಅಂಗಡಿಗೆ, ಕಚೇರಿಗೆ, ನೆಂಟರ ಮನೆಗೆ ಹೋಗಲು ಬಳಸಿದರು. ಹೊರವರ್ತುಲದ ಪಥಕ್ಕೆ ಮನೆಯಿಂದ ಸೈಕಲ್ಲಿನಲ್ಲಿಯೇ ಬರಬೇಕಾದರೆ ಮೊದಲು ಮೆಹದೀಪಟ್ನಂ, ಟೋಲಿಚೌಕಿ, ಗಚ್ಚಿಬೌಲಿಗಳ ಮೋಟಾರು ಪ್ರವಾಹವನ್ನು ದಾಟಬೇಕು. ಅದನ್ನು ದಾಟಬಲ್ಲ ಧೈರ್ಯಶಾಲಿಗೆ ಮೀಸಲು ಪಥದ ಅಗತ್ಯ ಅಷ್ಟಾಗಿ ಇಲ್ಲ. ಆದ್ದರಿಂದಲೇ ಕಾರಿನ ಹಿಂಬದಿಗೆ ಸೈಕಲ್ ಕಟ್ಟಿಕೊಂಡು ಬಂದು, ಅಲ್ಲಿ ಇಳಿಸಿ, ತುಳಿದು, ಮತ್ತೆ ಕಾರಿಗೆ ಕಟ್ಟಿಕೊಂಡು ಹಿಂದಿರುಗುವವರೂ ಅಲ್ಲಿ ಕಾಣಸಿಗುತ್ತಾರೆ. ವ್ಯಾಯಾಮ ಒಳ್ಳೆಯದು, ಅದಕ್ಕೊಂದು ತಾಣ ನಗರದಲ್ಲಿ ಇರಲಿ. ಆದರೆ ವ್ಯಾಯಾಮಶಾಲೆಯನ್ನು ಸಂಚಾರವ್ಯವಸ್ಥೆಯೆಂದು ಕರೆದರೆ ಎರಡು ಪದಗಳಿಗೂ ಅಪಚಾರವಾದೀತು. ೨೦೧೧ರ ಜನಗಣತಿಯಂತೆ, ಭಾರತದಲ್ಲಿ ಕೃಷಿ ಮತ್ತು ಗೃಹೋದ್ಯಮಗಳನ್ನು ಬಿಟ್ಟು ಇತರ ಕೆಲಸ ಮಾಡುವವರಲ್ಲಿ ನೂರಕ್ಕೆ ೧೩ ಮಂದಿ ಕೆಲಸಕ್ಕೆ ಹೋಗುತ್ತಿದ್ದುದು ಸೈಕಲ್ಲಿನಲ್ಲಿ. ಅವರಲ್ಲಿ ಹೆಚ್ಚಿನವರು ಹವ್ಯಾಸಕ್ಕಾಗಿ ತುಳಿದವರಲ್ಲ. ಬಸ್ಸಿನ ಚಾರ್ಜು ಉಳಿಸಲು ತುಳಿದವರು.

ಮೀಸಲು ಪಥದ ಪಂಥಕ್ಕೆ ನಗರದೊಳಗೆ ಬೇರೊಂದು ಪರೀಕ್ಷೆಯೂ ಕಾದಿದೆ. ದಿಲ್ಲಿಯಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ ೨೦೦೮ರಲ್ಲಿ ಬಸ್ಸಿನ ಪ್ರತ್ಯೇಕ ಮಾರ್ಗದೊಡನೆ ಸೈಕಲ್ ಪಥವನ್ನೂ ನಿರ್ಮಿಸಲಾಯಿತು. ಮೋಟಾರ್‌ಸೈಕಲ್ಲುಗಳು ಅದರೊಳಕ್ಕೆ ನುಗ್ಗಿದವು. ಕಾರಿನವರ ಅಸಮಾಧಾನ ಬೆಳೆದು ೨೦೧೬ರಲ್ಲಿ ಆ ಮಾರ್ಗವನ್ನೇ ಕಿತ್ತುಹಾಕಲಾಯಿತು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ೨೦೨೦ರಲ್ಲಿ ಸಾಲುಗಂಬಗಳನ್ನು ನೆಟ್ಟು ತಾತ್ಕಾಲಿಕ ಸೈಕಲ್ ಪಥವನ್ನು ಬೇರ್ಪಡಿಸಿದರು; ಮೆಟ್ರೋ ಕಾಮಗಾರಿ ಬಂದಾಗ ಅದು ಉಳಿಯಲಿಲ್ಲ. ಕಾನೂನು ಇರಲಿಲ್ಲವೆಂದಲ್ಲ. ಸೈಕಲ್ಲಿಗೆಂದು ಪ್ರತ್ಯೇಕಿಸಿದ ಪಥದಲ್ಲಿ ಸಮವಸ್ತ್ರ ಧರಿಸಿದ ಪೊಲೀಸರ ಅನುಮತಿಯಿಲ್ಲದೆ ಮೋಟಾರು ನಡೆಸಕೂಡದೆಂದು ೧೯೮೯ರ ರಸ್ತೆ ನಿಯಮಗಳೇ ವಿಧಿಸಿದ್ದವು. ಬಣ್ಣದ ಚಿತ್ರಕ್ಕೆ ಬಂದ ಗತಿಯೇ ಜಾರಿಗೆ ಬಾರದ ನಿಯಮಕ್ಕೂ ಬರುತ್ತದೆ. ಇದಲ್ಲದೆ, ಅಂಗಡಿಗಳೂ ಮನೆಯ ಗೇಟುಗಳೂ ಕವಲುದಾರಿಗಳೂ ಹತ್ತಿರ ಹತ್ತಿರ ಇರುವ ಬೀದಿಯಲ್ಲಿ ಪಕ್ಕದ ಪಥದಿಂದ ಬರುವ ಸೈಕಲ್ಲು ತಿರುವು ಹೊಡೆಯುವ ಮೋಟಾರಿನವನ ಕಣ್ಣಿಗೆ ತಡವಾಗಿ ಬೀಳುತ್ತದೆ. ಸೈಕಲ್ ಸವಾರ ವಾಹನಚಾಲಕನಂತೆಯೇ ವರ್ತಿಸಬೇಕೆಂದು ೧೯೭೦ರ ದಶಕದಿಂದ ವಾದಿಸುತ್ತ ಬಂದ ಅಮೆರಿಕದ ಜಾನ್ ಫಾರೆಸ್ಟರ್ ಮೀಸಲು ಪಥಗಳನ್ನು ವಿರೋಧಿಸಲು ಕೊಟ್ಟ ಕಾರಣಗಳಲ್ಲಿ ಇದೂ ಒಂದು. ಅವರ ನಿಲುವನ್ನು ಪೂರ್ತಿ ಒಪ್ಪದವರೂ ಈ ಆಕ್ಷೇಪಣೆಯನ್ನು ತಳ್ಳಿಹಾಕಲಾರರು.

ಹೀಗೆ ಎರಡು ಪಂಥಗಳಲ್ಲಿಯೂ ಸತ್ಯಾಂಶವಿದೆ, ಎರಡರಲ್ಲಿಯೂ ಕೊರತೆಯಿದೆ ಎಂದು ಹೇಳಿ ಲೇಖನಿಯನ್ನು ಕೆಳಗಿಡುವುದು ಸುಲಭ. ಆದರೆ ಅದು ವಿಮರ್ಶೆಯಾಗುವುದಿಲ್ಲ. ಇವೆರಡರ ನಡುವೆ ತೀರ್ಪು ಕೊಡಬಲ್ಲ ಒರೆಗಲ್ಲು ಒಂದಿದೆ, ಅದು ವೇಗ. ವೇಗ ಇಮ್ಮಡಿಯಾದರೆ ಡಿಕ್ಕಿಯ ಶಕ್ತಿ ನಾಲ್ಮಡಿಯಾಗುತ್ತದೆಂಬುದು ಭೌತಶಾಸ್ತ್ರದ ಪ್ರಾಥಮಿಕ ಪಾಠ. ಗಂಟೆಗೆ ಮೂವತ್ತು ಕಿಲೋಮೀಟರಿನೊಳಗೆ ಸಾಗುವ ಮೋಟಾರಿನೊಡನೆ ಸೈಕಲ್ಲು ಬೆರೆಯಬಹುದು. ಅರವತ್ತರಲ್ಲಿ ಬರುವುದರೊಡನೆ ಬೆರೆಯಲಾಗದು. ಸಹಪಥ ಚಿಹ್ನೆಯನ್ನು ಅಂಗೀಕರಿಸಿದ ಅಮೆರಿಕದ ಕೈಪಿಡಿಯೇ ಗಂಟೆಗೆ ೩೫ ಮೈಲಿಗಿಂತ ಹೆಚ್ಚಿನ ವೇಗಮಿತಿಯ ರಸ್ತೆಯಲ್ಲಿ ಅದನ್ನು ಬರೆಯಬಾರದೆಂದು ಎಚ್ಚರಿಸಿತು. ಸೈಕಲ್ಲಿನ ನಾಡೆನಿಸಿದ ಹಾಲೆಂಡಿನಲ್ಲಿ ಎರಡೂ ಪದ್ಧತಿಗಳಿವೆ, ಆದರೆ ಒಂದೇ ಬೀದಿಯಲ್ಲಿ ಅಲ್ಲ. ವೇಗದ ರಸ್ತೆಗಳಲ್ಲಿ ಪ್ರತ್ಯೇಕ ಪಥ. ನಿಧಾನದ ಬೀದಿಗಳಲ್ಲಿ ಸಹಸಂಚಾರ. ಕೆಲವು ಬೀದಿಗಳಿಗೆ ಉದ್ದಕ್ಕೂ ಕೆಂಪು ಡಾಂಬರು ಹಾಸಿ, ಇಲ್ಲಿ ಕಾರು ಅತಿಥಿಯೆಂದು ಫಲಕ ನೆಟ್ಟಿದ್ದಾರೆ. ಆ ಫಲಕದ ಮಾತಿಗೆ ಬೆಲೆ ಬಂದದ್ದು ಬಣ್ಣದಿಂದಲ್ಲ. ಕಾರು ವೇಗವಾಗಿ ಓಡಲು ಬೀದಿಯ ರಚನೆಯೇ ಬಿಡದಿರುವುದರಿಂದ.

ಈ ವಿವೇಕ ಭಾರತಕ್ಕೆ ಹೊಸದೂ ಅಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ೧೯೬೨ರಲ್ಲಿಯೇ ಸೈಕಲ್ ಪಥಗಳ ವಿನ್ಯಾಸವನ್ನು ಕುರಿತು ಶಿಫಾರಸುಗಳನ್ನು ಪ್ರಕಟಿಸಿತು. ಸಂಚಾರದ ದಟ್ಟಣೆಯ ವೇಳೆಯಲ್ಲಿ ಗಂಟೆಗೆ ಇನ್ನೂರಕ್ಕಿಂತ ಹೆಚ್ಚು ಮೋಟಾರುಗಳು ಓಡಾಡುವ ರಸ್ತೆಯಲ್ಲಿ, ಸೈಕಲ್ಲುಗಳು ನೂರೇ ಇದ್ದರೂ ಪ್ರತ್ಯೇಕ ಪಥ ಸಮರ್ಥನೀಯವೆಂದು ಅದರಲ್ಲಿ ಹೇಳಿತ್ತು. ಇಂದಿನ ಹೈದರಾಬಾದಿನ ಹೆದ್ದಾರಿಗಳಲ್ಲಿ ಇನ್ನೂರು ಮೋಟಾರುಗಳು ದಾಟಲು ಗಂಟೆ ಬೇಡ, ಕೆಲವು ನಿಮಿಷಗಳು ಸಾಕು. ಆದರೆ ಆ ಶಿಫಾರಸಿನಲ್ಲಿಯೂ ಒಂದು ತೊಡಕಿದೆ. ಅದು ಈಗಾಗಲೇ ಓಡಾಡುತ್ತಿರುವ ಸೈಕಲ್ಲುಗಳನ್ನು ಎಣಿಸಿ ಪಥವನ್ನು ಕೊಡುತ್ತದೆ. ಭಯದಿಂದ ಸೈಕಲ್ಲನ್ನು ಮೂಲೆಗೊರಗಿಸಿದವನು ಆ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಬಾಗಿಲು ಮುಚ್ಚಿದ ಗ್ರಂಥಾಲಯದಲ್ಲಿ ಓದುಗರನ್ನು ಎಣಿಸಿ, ಓದುವ ಅಭಿರುಚಿಯೇ ಊರಿನಲ್ಲಿಲ್ಲವೆಂದು ವರದಿ ಬರೆದಂತೆ ಅದು.

ಹಾಗಾದರೆ ಹೈದರಾಬಾದಿಗೆ ಈ ಒರೆಗಲ್ಲು ಹೇಳುವುದೇನು? ಮೆಹದೀಪಟ್ನಂ, ಗಚ್ಚಿಬೌಲಿಗಳಂಥ ವಿಶಾಲವಾದ, ವೇಗದ ರಸ್ತೆಗಳಲ್ಲಿ ಸೈಕಲ್ಲಿನ ಚಿತ್ರ ಬರೆಯುವುದು ಕೇವಲ ನಿರರ್ಥಕವಲ್ಲ, ವಂಚನೆ; ಅಲ್ಲಿ ಅಡ್ಡಗಟ್ಟೆಯುಳ್ಳ ಮೀಸಲು ಪಥವೇ ಬೇಕು, ಕೂಡುರಸ್ತೆಗಳಲ್ಲಿ ತಿರುಗುವ ಮೋಟಾರು ನಿಧಾನಿಸಲೇಬೇಕಾದ ರಚನೆಯೊಡನೆ. ಕಾಚಿಗುಡ, ಸುಲ್ತಾನ್ ಬಜಾರು, ಪತ್ಥರ್‌ಗಟ್ಟಿಗಳಂಥ ಹಳೆಯ ಬೀದಿಗಳಲ್ಲಿ ಪ್ರತ್ಯೇಕ ಪಥಕ್ಕೆ ನೆಲವೇ ಇಲ್ಲ. ಹಟದಿಂದ ಎಳೆದರೆ ಅದಕ್ಕೆ ಮೊದಲು ಬಲಿಯಾಗುವವನು ತಳ್ಳುಗಾಡಿಯ ವ್ಯಾಪಾರಿ. ಅಲ್ಲಿ ಬೇಕಾದದ್ದು ಮೋಟಾರಿನ ವೇಗಕ್ಕೂ ನಿಲುಗಡೆಗೂ ಕಡಿವಾಣ. ವೇಗ ಇಳಿದ ಬೀದಿಯಲ್ಲಿ ಚಿತ್ರ ಬರೆದರೆ ಅದು ಸತ್ಯವನ್ನೇ ನುಡಿಯುತ್ತದೆ, ಬರೆಯದಿದ್ದರೂ ಹಾನಿಯಿಲ್ಲ. ಇವೆರಡನ್ನೂ ಹೊರವರ್ತುಲದ ಸುಂದರವಾದ ಪಥಕ್ಕೆ ಜೋಡಿಸಿದಾಗ ಮಾತ್ರ ಆ ೨೩ ಕಿಲೋಮೀಟರು ನಗರದ ಅಂಗವಾದೀತು.

ಆ ಪಥ ಹಾದುಹೋಗುವ ನಾರ್ಸಿಂಗಿಗೆ ಸಮೀಪದಲ್ಲಿಯೇ ಗಂಡಿಪೇಟೆಯ ಕೆರೆ ಇದೆ. ೧೯೦೮ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ನಗರವನ್ನು ಕೊಚ್ಚಿದ ಮೇಲೆ ೧೯೦೯ರಲ್ಲಿ ಇಲ್ಲಿಗೆ ಬಂದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ನದಿಯ ದಡದಲ್ಲಿ ಎಚ್ಚರಿಕೆಯ ಫಲಕ ನೆಡಿಸಿ ತೃಪ್ತರಾಗಲಿಲ್ಲ. ಪ್ರವಾಹವನ್ನು ಊರಿನ ಮೇಲ್ಭಾಗದಲ್ಲಿಯೇ ತಡೆದು ನಿಲ್ಲಿಸುವ ಜಲಾಶಯಗಳನ್ನು ಸೂಚಿಸಿದರು. ೧೯೨೦ರಲ್ಲಿ ಉಸ್ಮಾನ್ ಸಾಗರವೂ ೧೯೨೭ರಲ್ಲಿ ಹಿಮಾಯತ್ ಸಾಗರವೂ ಪೂರ್ಣಗೊಂಡವು. ಜನರ ರಕ್ಷಣೆಯನ್ನು ಜನರ ಜಾಗರೂಕತೆಗೆ ಮಾತ್ರ ಬಿಟ್ಟುಕೊಡದೆ ನಿರ್ಮಾಣದೊಳಗೇ ಸೇರಿಸುವುದು ಆ ಯೋಜನೆಯ ತಿರುಳು. ನೀರಿನ ಪ್ರವಾಹಕ್ಕೆ ಸಲ್ಲುವ ಈ ತತ್ತ್ವ ಮೋಟಾರಿನ ಪ್ರವಾಹಕ್ಕೂ ಸಲ್ಲುತ್ತದೆ.

ಕಾಚಿಗುಡದ ನೃಪತುಂಗ ಶಾಲೆಗೆ ಹನ್ನೆರಡು ವರ್ಷದ ಮಗುವೊಂದನ್ನು ಸೈಕಲ್ಲಿನಲ್ಲಿ ಒಂಟಿಯಾಗಿ ಕಳುಹಿಸಿ, ಮನೆಯವರು ಗಡಿಯಾರ ನೋಡದೆ ಕುಳಿತಿರಬಲ್ಲರೇ? ಪಥ ಬಣ್ಣದ್ದಾಗಿರಲಿ, ಕಾಂಕ್ರೀಟಿನದಾಗಿರಲಿ, ಅದನ್ನು ಪರೀಕ್ಷಿಸಲು ಬೇರೆ ಪ್ರಶ್ನೆ ಬೇಕಾಗಿಲ್ಲ. ಈ ಪ್ರಶ್ನೆಗೆ ಹೌದೆಂಬ ಉತ್ತರ ದೊರೆತ ದಿನ ಎರಡು ಪಂಥಗಳ ಜಗಳ ತಾನಾಗಿಯೇ ತೀರುತ್ತದೆ. ಅಲ್ಲಿಯವರೆಗೆ ಸೌರಫಲಕಗಳ ನೆರಳು ಎಷ್ಟೇ ತಂಪಾಗಿದ್ದರೂ, ಪತ್ರಿಕೆ ಹಂಚುವ ಹುಡುಗನ ತಲೆಯ ಮೇಲೆ ಅದು ಬೀಳುವುದಿಲ್ಲ.