ಕಲಬುರಗಿಯಲ್ಲಿ ‘ಕರ್ನಾಟಕ ಗತವೈಭವ’ದ ಮರುಓದು

ಬಾಲ್ಯದಲ್ಲಿ ಮೆಚ್ಚಿ ಓದಿದ ಕಥೆಯ ಪುಸ್ತಕವೊಂದನ್ನು ಪ್ರೌಢರಾದ ಮೇಲೆ ತಿರುಗಿ ಓದಿದರೆ ಹಳೆಯ ಸವಿ ಉಳಿದಿದೆಯೆ, ಅಳಿದಿದೆಯೆ ಎಂಬುದಿಷ್ಟೇ ಪ್ರಶ್ನೆ. ಇತಿಹಾಸದ ಪುಸ್ತಕವಾದರೆ ಸವಿಯ ಜೊತೆಗೆ ಸತ್ಯದ ಪ್ರಶ್ನೆಯೂ ಏಳುವುದು. ಓದುವವರು ಇತಿಹಾಸವನ್ನೇ ಬೋಧಿಸಿ ಜೀವಿಸುವವರಾಗಿದ್ದರಂತೂ ಅದನ್ನು ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಇಂಥ ಪುಸ್ತಕ. 1917ರಲ್ಲಿ ಪ್ರಕಟವಾದ ಈ ಗ್ರಂಥ ಮಕ್ಕಳಿಗೆಂದು ಬರೆದುದಲ್ಲ. ಆದರೂ ಕನ್ನಡ ಶಾಲೆಯಲ್ಲಿ ಓದಿದ ಎಷ್ಟೋ ಹುಡುಗರ ಪಾಲಿಗೆ ಪಠ್ಯಪುಸ್ತಕದ ಹೊರಗೆ ದೊರೆತ ಮೊದಲ ಇತಿಹಾಸ ಇದೇ. ನಾವೂ ಅವರಲ್ಲಿ ಒಬ್ಬರು. ಕಮಲಾಪುರದಲ್ಲಿ ಹದಿಮೂರನೆಯ ವಯಸ್ಸಿನಲ್ಲಿ ಓದಿದ ಈ ಪುಸ್ತಕವನ್ನು ಸುಮಾರು ಇಪ್ಪತ್ತೈದು ವರ್ಷಗಳ ತರುವಾಯ ಕಲಬುರಗಿಯಲ್ಲಿ ಮತ್ತೊಮ್ಮೆ ಆದ್ಯಂತವಾಗಿ ಓದಿ, ಅದರಿಂದ ಹೊಳೆದ ಕೆಲವು ವಿಚಾರಗಳನ್ನು ಇಲ್ಲಿ ಮಂಡಿಸಲಾಗಿದೆ.

ಎಳೆಯ ಓದುಗನಿಗೆ ಈ ಪುಸ್ತಕದಲ್ಲಿ ರುಚಿಸುವುದು ಅದರ ವಾದವಲ್ಲ, ಅದರ ದನಿ. ಪುಲಕೇಶಿ, ಧ್ರುವ, ಗೋವಿಂದ, ವಿಕ್ರಮಾದಿತ್ಯ ಎಂಬ ಹೆಸರುಗಳು ಒಂದರ ಹಿಂದೊಂದು ಮೆರವಣಿಗೆಯಂತೆ ಬರುತ್ತವೆ. ಇಮ್ಮಡಿ ಪುಲಕೇಶಿಯು ಉತ್ತರಾಪಥದ ಹರ್ಷವರ್ಧನನನ್ನು ತಡೆದು ನಿಲ್ಲಿಸಿದ ಪ್ರಸಂಗವನ್ನು ಹುಡುಗರು ಪುರಾಣದ ಯುದ್ಧವನ್ನು ಓದುವ ಹಾಗೆಯೇ ಓದುವರು. ನಮಗಂತೂ ಇದರೊಂದಿಗೆ ಇನ್ನೊಂದು ಆಕರ್ಷಣೆಯಿದ್ದಿತು. ರಾಷ್ಟ್ರಕೂಟರ ಮಾನ್ಯಖೇಟವೆಂದರೆ ಸೇಡಂ ರಸ್ತೆಯಲ್ಲಿ, ಕಲಬುರಗಿಯಿಂದ ಸುಮಾರು 40 ಕಿಲೋಮೀಟರು ದೂರದಲ್ಲಿರುವ ನಮ್ಮ ಮಳಖೇಡವೇ! ಬಸ್ಸಿನ ಕಿಟಕಿಯಿಂದ ಕಾಣುವ ಊರು ಪುಸ್ತಕದಲ್ಲಿ ಸಾಮ್ರಾಜ್ಯದ ರಾಜಧಾನಿಯಾಗಿ ನಿಂತಿರುವುದನ್ನು ಕಂಡಾಗ ಬಾಲಕನ ಮನಸ್ಸಿನಲ್ಲಿ ಏಳುವ ಹಿಗ್ಗನ್ನು ಅಲ್ಪವೆಂದು ತಳ್ಳಿಹಾಕುವಂತಿಲ್ಲ. ಅನೇಕರು ಇತಿಹಾಸದ ವಿದ್ಯಾರ್ಥಿಗಳಾದುದು ಇಂಥ ಹಿಗ್ಗಿನಿಂದಲೇ. (ಹಂಪೆಯ ಪಕ್ಕದಲ್ಲಿಯೂ ಒಂದು ಕಮಲಾಪುರವಿರುವುದಷ್ಟೆ. ಪುರಾತತ್ತ್ವ ಇಲಾಖೆಯ ಸಂಗ್ರಹಾಲಯವಿರುವುದು ಅಲ್ಲಿ. ನಮ್ಮ ಕಮಲಾಪುರಕ್ಕೆ ಹೆಸರು ಬಂದಿರುವುದು ಕೆಂಪು ಬಾಳೆಹಣ್ಣಿನಿಂದ. ವೈಭವದ ಪುಸ್ತಕದಲ್ಲಿ ಯಾವ ಕಮಲಾಪುರಕ್ಕೆ ಸ್ಥಾನವೆಂಬುದನ್ನು ಹೇಳಬೇಕಾಗಿಲ್ಲ.)

ಪ್ರೌಢ ಓದಿಗೆ ಮೊದಲು ಕಾಣುವುದು ಈ ಮೆರವಣಿಗೆಯ ಹಿಂದಿರುವ ವಾದ. ವೆಂಕಟರಾಯರು ವಕೀಲಿ ಓದಿದವರು. ಗ್ರಂಥವೂ ಒಂದು ದಾವೆಯ ರೂಪದಲ್ಲಿಯೇ ಇದೆ. 1917ರಲ್ಲಿ ಕನ್ನಡನಾಡೆಂಬ ಹೆಸರಿನ ಆಡಳಿತ ಪ್ರದೇಶ ಎಲ್ಲಿಯೂ ಇರಲಿಲ್ಲ. ಕನ್ನಡಿಗರು ಮುಂಬಯಿ ಪ್ರಾಂತ, ಮದ್ರಾಸು ಪ್ರಾಂತ, ಮೈಸೂರು ಸಂಸ್ಥಾನ, ನಿಜಾಮರ ರಾಜ್ಯ, ಕೊಡಗು ಎಂದು ಹಂಚಿಹೋಗಿದ್ದರು. ಧಾರವಾಡದ ಕಡೆ ಮರಾಠಿಯ ಪ್ರಾಬಲ್ಯ ಎಷ್ಟಿದ್ದಿತೆಂದರೆ ವಿದ್ಯಾವಂತ ಕನ್ನಡಿಗನು ತನ್ನ ಪೂರ್ವಜರ ಪ್ರತಾಪವನ್ನು ಮಹಾರಾಷ್ಟ್ರದ ಚರಿತ್ರೆಯೆಂದೇ ತಿಳಿಯುವ ಸಂಭವವಿದ್ದಿತು. ಫ್ಲೀಟ್ ಸಾಹೇಬರು ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತು 1882ರಲ್ಲಿಯೂ, ಭಾಂಡಾರಕರರು ದಖ್ಖನಿನ ಪ್ರಾಚೀನ ಇತಿಹಾಸವನ್ನು ಕುರಿತು 1884ರಲ್ಲಿಯೂ, ಸೀವೆಲ್ಲರು ವಿಜಯನಗರವನ್ನು ಕುರಿತು 1900ರಲ್ಲಿಯೂ ಇಂಗ್ಲಿಷಿನಲ್ಲಿ ಬರೆದಿದ್ದರು. ಸಾಮಗ್ರಿಯ ಕೊರತೆ ಇರಲಿಲ್ಲ. ಅದನ್ನು ಕನ್ನಡದಲ್ಲಿ ಕನ್ನಡಿಗರ ಸ್ವತ್ತೆಂದು ಸಾಧಿಸುವವರು ಬೇಕಾಗಿದ್ದರು. ಆ ಕೆಲಸವನ್ನು ವೆಂಕಟರಾಯರು ಮಾಡಿದರು. ಆದ ಕಾರಣ ಈ ಗ್ರಂಥವನ್ನು ಸಂಶೋಧನ ಪ್ರಬಂಧದ ಅಳತೆಗೋಲಿನಿಂದ ಅಳೆದು, ಇಲ್ಲಿ ಉತ್ಪ್ರೇಕ್ಷೆಯಿದೆ, ಅಲ್ಲಿ ಪಕ್ಷಪಾತವಿದೆ ಎಂದು ಗುರುತು ಹಾಕುತ್ತ ಹೋಗುವುದು ನಮ್ಮ ದೃಷ್ಟಿಯಲ್ಲಿ ವ್ಯರ್ಥಶ್ರಮ.

ಆದರೆ ಎಲ್ಲ ದಾವೆಗಳಂತೆ ಇದಕ್ಕೂ ಒಂದು ಬೆಲೆಯಿದೆ. ಆ ಬೆಲೆಯನ್ನು ಹೆಚ್ಚಾಗಿ ತೆತ್ತುದು ನಮ್ಮ ಜಿಲ್ಲೆಯೇ ಎಂಬುದು ಕಲಬುರಗಿಯಲ್ಲಿ ಕುಳಿತು ಓದಿದವರಿಗಲ್ಲದೆ ಬೇರೆಯವರಿಗೆ ಸುಲಭವಾಗಿ ಹೊಳೆಯಲಾರದು. ಗ್ರಂಥದ ವೈಭವ ವಿಜಯನಗರದೊಂದಿಗೆ ಮುಗಿಯುತ್ತದೆ. ಬಹಮನಿ ಸುಲ್ತಾನರು ಅದರೊಳಗೆ ಬರುವುದು ವಿಜಯನಗರದ ಎದುರಾಳಿಗಳಾಗಿ ಮಾತ್ರ. 1347ರಲ್ಲಿ ಸ್ಥಾಪಿತವಾಗಿ ಕಲಬುರಗಿಯನ್ನೇ ರಾಜಧಾನಿಯಾಗಿ ಮಾಡಿಕೊಂಡ ಆ ರಾಜ್ಯ, 1367ರಲ್ಲಿ ಕೋಟೆಯೊಳಗೆ ಎದ್ದ ಜಾಮಿ ಮಸೀದಿ, ಫಿರೋಜ್ ಶಹನ ಆಸ್ಥಾನ, 1422ರಲ್ಲಿ ಇಲ್ಲಿಯೇ ದೇಹವಿಟ್ಟ ಖ್ವಾಜಾ ಬಂದೇನವಾಜರು, ಇವು ಯಾವುವೂ ವೈಭವದ ಲೆಕ್ಕಕ್ಕೆ ಸೇರಿಲ್ಲ. ಮಾನ್ಯಖೇಟದ ದೆಸೆಯಿಂದ ಕರ್ನಾಟಕದ ಕಿರೀಟವಾಗಿದ್ದ ನಾಡು ಕೆಲವು ಪುಟಗಳಾಚೆ ಶತ್ರುವಿನ ಪಾಳೆಯವಾಗಿ ನಿಲ್ಲುತ್ತದೆ. ಬಾಲ್ಯದ ಓದಿನಲ್ಲಿ ಈ ಪಲ್ಲಟ ನಮಗೆ ಕಾಣಲಿಲ್ಲ. ಹುಡುಗನು ಸಹಜವಾಗಿಯೇ ಹಂಪೆಯ ಪಕ್ಷ ವಹಿಸುವನು. ಕಮಲಾಪುರದ ಸಮೀಪದ ಹೊಳಕುಂದಾದಲ್ಲಿ ದಾರಿಯ ಬದಿಗೆ ನಿಂತಿರುವ ಬಹಮನಿ ಕಾಲದ ಗುಮ್ಮಟಗಳನ್ನು ದಿನವೂ ನೋಡುತ್ತಿದ್ದರೂ ಅವನ್ನು ಪುಸ್ತಕಕ್ಕೆ ಹೊಂದಿಸಿ ನೋಡನು.

ಇಷ್ಟನ್ನೇ ಹೇಳಿ ಗ್ರಂಥಕರ್ತರನ್ನು ಸಂಕುಚಿತರೆಂದು ತೀರ್ಮಾನಿಸುವ ವಾಡಿಕೆ ಈಚೆಗೆ ಕಂಡುಬರುತ್ತಿದೆ. ನಾವು ಅದನ್ನು ಒಪ್ಪಲಾರೆವು. ಕಲಬುರಗಿ ಆಗ ನಿಜಾಮರ ಆಳ್ವಿಕೆಯಲ್ಲಿದ್ದು, ಇಲ್ಲಿ ಉರ್ದು ಕಚೇರಿಯ ಭಾಷೆಯಾಗಿಯೂ ಮೇಲ್ದರ್ಜೆಯ ಶಿಕ್ಷಣದ ಮಾಧ್ಯಮವಾಗಿಯೂ ಇದ್ದಿತು. ಇಲ್ಲಿಯ ಕನ್ನಡಿಗನಿಗೆ ತಾನು ಧಾರವಾಡದವರ, ಮೈಸೂರಿನವರ ಬಳಗದವನೆಂದು ಹೇಳಿಕೊಳ್ಳಲು ಆಧಾರ ಯಾವುದು? ಮಾನ್ಯಖೇಟ ಮತ್ತು ಕಲ್ಯಾಣ, ಇವೆರಡೇ. ಬಾದಾಮಿಯಿಂದ ಮಳಖೇಡಕ್ಕೆ, ಮಳಖೇಡದಿಂದ ಕಲ್ಯಾಣಕ್ಕೆ, ಮುಂದೆ ಹಂಪೆಗೆ ಎಂದು ಒಂದೇ ದಾರದಲ್ಲಿ ರಾಜಧಾನಿಗಳನ್ನು ಪೋಣಿಸಿದ ಈ ಗ್ರಂಥ ನಮ್ಮ ಪ್ರದೇಶವನ್ನು ಕರ್ನಾಟಕದೊಳಗೆ ಎಣಿಸಿತು. ನಿಜಾಮರ ಆಳ್ವಿಕೆ 1948ರ ಸೆಪ್ಟೆಂಬರಿನಲ್ಲಿ ಕೊನೆಗೊಂಡು, 1956ರ ನವೆಂಬರ್ 1ರಂದು ಕಲಬುರಗಿ ವಿಶಾಲ ಮೈಸೂರಿಗೆ ಸೇರಿದುದರ ಹಿಂದೆ ರಾಜಕೀಯ ಕಾರಣಗಳು ಹಲವು. ಆದರೆ ಆ ಸೇರ್ಪಡೆ ಸಹಜವೆಂದು ತೋರುವಂತೆ ಮನಸ್ಸುಗಳನ್ನು ಅಣಿಮಾಡಿದ ಬರಹಗಳಲ್ಲಿ ಇದಕ್ಕೆ ಅಗ್ರಸ್ಥಾನ ಸಲ್ಲಬೇಕು. ನಮ್ಮ ಜಿಲ್ಲೆಯನ್ನು ಒಳಗೆ ಎಣಿಸಿದ ವಾದವೂ, ಅದೇ ಜಿಲ್ಲೆಯ ಇತಿಹಾಸದ ಅರ್ಧಭಾಗವನ್ನು ಹೊರಗೆ ಇಟ್ಟ ವಾದವೂ ಒಂದೇ. ಮರುಓದಿನಲ್ಲಿ ನಮ್ಮನ್ನು ಹೆಚ್ಚಾಗಿ ಕಾಡಿದುದು ಇದು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುವುದು ಹೇಳಿದಷ್ಟು ಸುಲಭವಲ್ಲ.

ವೈಭವದ ಕಾಲ ಮತ್ತು ಅದು ಅಳಿದ ಕಾಲ ಎಂಬ ಗೆರೆ ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ಗ್ರಂಥ ಪ್ರಕಟವಾದ ಮೇಲೆ ಬೆಳಕಿಗೆ ಬಂದ ಶಾಸನಗಳಿಂದ ಪರೀಕ್ಷಿಸಬಹುದು. ಇಂದಿನ ಮಹಾರಾಷ್ಟ್ರದ ಕರಾವಳಿಯ ಚಿಂಚಣಿಯಲ್ಲಿ ದೊರೆತ 926ರ ತಾಮ್ರಪಟವೊಂದುಂಟು. ಅದು ರಾಷ್ಟ್ರಕೂಟ ಮುಮ್ಮಡಿ ಇಂದ್ರನ ಕಾಲದ್ದು. ಸಂಯಾನ ಮಂಡಲವನ್ನು ಆಗ ಆಳುತ್ತಿದ್ದವನು ‘ತಾಜಿಕ’ ಕುಲದ ಮಧುಮತಿ ಸುಗತಿಪ, ಎಂದರೆ ಅರಬ ಮೂಲದ ಮಹಮ್ಮದ. ಅವನಿಗೆ ಆ ಅಧಿಕಾರ ರಾಷ್ಟ್ರಕೂಟ ಇಮ್ಮಡಿ ಕೃಷ್ಣನಿಂದ ದೊರೆತಿದ್ದಿತು. ಈ ತಾಜಿಕನು ಬ್ರಾಹ್ಮಣನೊಬ್ಬನು ಕಟ್ಟಿಸಿದ ಮಠಿಕೆಗೆ ಭೂಮಿಯನ್ನು ದತ್ತಿಯಾಗಿ ಬಿಟ್ಟಿದ್ದಾನೆ. ಮಾನ್ಯಖೇಟದ ಅರಸರನ್ನು ‘ಬಲ್ಹರಾ’ ಎಂದು ಕರೆದು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಎಣಿಸಿದ 851ರ ಅರಬ್ಬೀ ಬರಹವನ್ನು ವೈಭವದ ಸಾಕ್ಷಿಯಾಗಿ ಉದ್ಧರಿಸುವುದು ನಮ್ಮಲ್ಲಿ ರೂಢಿ. ಅದೇ ಬಲ್ಹರಾನ ರಾಜ್ಯದಲ್ಲಿ ಮುಸಲ್ಮಾನರಿಗೆ ಗೌರವವಿದ್ದಿತೆಂದೂ, ಅವರ ಮಸೀದಿಗಳಿದ್ದುವೆಂದೂ ಹತ್ತನೆಯ ಶತಮಾನದ ಅಲ್ ಮಸೂದಿ ಬರೆದಿರುವುದನ್ನು ಅಷ್ಟೇ ಉತ್ಸಾಹದಿಂದ ಉದ್ಧರಿಸುವವರು ಕಡಿಮೆ.

ಗೆರೆಯ ಈಚೆಗೆ ಬಂದರೆ ಕಲ್ಯಾಣದ 1326ರ ಸಂಸ್ಕೃತ ಶಾಸನವಿದೆ. ಇದನ್ನು ಪ್ರಕಟಿಸಿದವರು ಪಿ. ಬಿ. ದೇಸಾಯಿಯವರು, ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳ ಶಾಸನಗಳನ್ನು 1958ರಲ್ಲಿ ಸಂಪುಟವಾಗಿ ಹೊರತಂದವರೂ ಅವರೇ. ಮಹಮ್ಮದ್ ಬಿನ್ ತುಘಲಕನ ಕಾಲದ ದಂಗೆಯಲ್ಲಿ ಮಧುಕೇಶ್ವರ ದೇವಾಲಯದ ಲಿಂಗಕ್ಕೆ ಭಂಗ ಬಂದಿತು. ಊರಿನ ಪ್ರಮುಖರು ಸುಲ್ತಾನನ ಅಧಿಕಾರಿಯಾದ ಖ್ವಾಜಾ ಅಹಮದನಲ್ಲಿ ಬಿನ್ನವಿಸಿಕೊಂಡರು. ಪೂಜೆ ಅವರ ಧರ್ಮವೆಂದು ಮನಗಂಡು ಅವನು ಪುನಃಪ್ರತಿಷ್ಠೆಗೆ ಅಪ್ಪಣೆಯಿತ್ತನು. ಶಾಸನವು ಸುಲ್ತಾನನಿಗೆ ಕೊಟ್ಟಿರುವ ಬಿರುದು ‘ಮಹಾರಾಜಾಧಿರಾಜ’! ಚಾಲುಕ್ಯರ ರಾಜಧಾನಿಯಾಗಿದ್ದ ಊರಿನಲ್ಲಿ, ಚಾಲುಕ್ಯರ ಬಿರುದಿನಿಂದಲೇ, ದೆಹಲಿಯ ಸುಲ್ತಾನನನ್ನು ಕರೆದಿದೆ. ಭಂಗವೂ ನಿಜ, ಪುನಃಪ್ರತಿಷ್ಠೆಯೂ ನಿಜ. ಒಂದನ್ನು ಮರೆಮಾಚಿ ಇನ್ನೊಂದನ್ನು ಮೆರೆಸುವ ಇತಿಹಾಸಕಾರನು, ಯಾವ ಪಕ್ಷದವನೇ ಆಗಿರಲಿ, ಶಾಸನವನ್ನು ಓದಿದವನಲ್ಲ. ವಿಜಯನಗರದ ಕಡೆಗೂ ಹೀಗೆಯೇ. ಬುಕ್ಕರಾಯನಿಗೆ ಹದಿನಾಲ್ಕನೆಯ ಶತಮಾನದಲ್ಲಿ ಸಂದ ‘ಹಿಂದುರಾಯ ಸುರತ್ರಾಣ’ ಎಂಬ ಬಿರುದಿನೊಳಗೇ ಸುಲ್ತಾನನೆಂಬ ಪದ ಅಡಗಿದೆ.

ಇವುಗಳಲ್ಲಿ ಚಿಂಚಣಿಯ ಪಟವೂ ದೇಸಾಯಿಯವರ ಸಂಪುಟವೂ 1917ರಲ್ಲಿ ವೆಂಕಟರಾಯರಿಗೆ ದೊರೆಯುವಂತಿರಲಿಲ್ಲ. ಸನ್ನತಿಯ ಅಶೋಕ ಶಾಸನ, ಕನಗನಹಳ್ಳಿಯ ಸ್ತೂಪಗಳಂತೂ ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಬೆಳಕಿಗೆ ಬಂದವು. ಆದರೆ ಕೈಯಲ್ಲಿದ್ದ ಒಂದು ಸಾಕ್ಷ್ಯದ ಇಂಗಿತವನ್ನು ಅವರಾಗಲಿ, ಅವರ ಪೀಳಿಗೆಯವರಾಗಲಿ ಅಷ್ಟಾಗಿ ಪರಿಗಣಿಸಿದಂತೆ ತೋರದು. ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡನಾಡನ್ನು ಬಣ್ಣಿಸುವ ‘ಕವಿರಾಜಮಾರ್ಗ’ ಮಾನ್ಯಖೇಟದ ಆಸ್ಥಾನದ ಕೃತಿ. ಆದರೆ ಕನ್ನಡದ ತಿರುಳನ್ನು ಅದು ಕಾಣುವುದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವೆ. ರಾಜಧಾನಿಯಾದ ಮಾನ್ಯಖೇಟದ ಸುತ್ತಲಲ್ಲ. ಅಮೋಘವರ್ಷನ ಕಾಲದಲ್ಲಿಯೇ ನಮ್ಮ ಪ್ರದೇಶ ಹಲವು ನುಡಿಗಳು ಕೂಡುವ ಗಡಿನಾಡಾಗಿದ್ದಿರಬೇಕೆಂದು ಇದರಿಂದ ಊಹಿಸಿದರೆ ತಪ್ಪಾಗಲಾರದು. ಕಲಬುರಗಿಯ ಬೀದಿಯಲ್ಲಿ ಇಂದು ಕನ್ನಡ, ದಖ್ಖನಿ, ಮರಾಠಿ, ತೆಲುಗು ಒಟ್ಟಿಗೆ ಕೇಳಿಬರುವುದನ್ನು ಬಲ್ಲವರಿಗೆ ಈ ಊಹೆ ವಿಚಿತ್ರವೆನಿಸದು.

ಗ್ರಂಥದ ಗದ್ಯವನ್ನು ಕುರಿತು ಒಂದು ಮಾತು. ಬಾಲ್ಯದ ಮೆಚ್ಚಿಕೆಗಳಲ್ಲಿ ಹೆಚ್ಚಿನವು ಈ ಓದಿನಲ್ಲಿ ಕರಗಿದರೂ ಗದ್ಯದ ಮೇಲಿನ ಮೆಚ್ಚಿಕೆ ಕರಗಲಿಲ್ಲ, ಬೆಳೆಯಿತು. ಓದುಗನನ್ನು ಎದುರಿಗೆ ಕೂರಿಸಿಕೊಂಡು, ಅವನ ಮರೆವನ್ನು ಗದರಿಸಿ, ಅವನ ಊರಿನ ಕಲ್ಲನ್ನೇ ಅವನಿಗೆ ತೋರಿಸುವ ಆ ರೀತಿ ಇಂದಿನ ನಮ್ಮ ಸಂಶೋಧನ ಲೇಖನಗಳಲ್ಲಿ (ಈ ಸಂಚಿಕೆಯವೂ ಸೇರಿ) ದುರ್ಲಭ.

ಇನ್ನು ಅಧ್ಯಾಪಕರ ಪಾಲಿನ ಪ್ರಶ್ನೆ. ನಮ್ಮ ತರಗತಿಗಳಲ್ಲಿ ಬ್ರಹ್ಮಪುರದ ಹುಡುಗರೂ ರೋಜಾ ಕಡೆಯ ಹುಡುಗಿಯರೂ ಒಂದೇ ಬೆಂಚಿನ ಸಾಲಿನಲ್ಲಿ ಕುಳಿತು ಈ ಗ್ರಂಥದ ಭಾಗಗಳನ್ನು ಓದುತ್ತಾರೆ. ಮಾನ್ಯಖೇಟದ ಅಧ್ಯಾಯದಲ್ಲಿ ಇಬ್ಬರೂ ಹಿಗ್ಗುವರು. ವಿಜಯನಗರದ ಅಧ್ಯಾಯಕ್ಕೆ ಬಂದಾಗ ಒಬ್ಬರು ಪುಸ್ತಕದೊಳಗೇ ಉಳಿದು ಇನ್ನೊಬ್ಬರು ಹೊರಗಾಗುವುದನ್ನು ಮುಖಗಳಲ್ಲಿಯೇ ಕಾಣಬಹುದು. ಗ್ರಂಥವನ್ನು ಪಾಠದಿಂದ ಕೈಬಿಡಬೇಕೆಂಬ ಸಲಹೆಯನ್ನು ನಾವು ಕೇಳಿದ್ದೇವೆ. ಹಾಗೆ ಮಾಡಿದರೆ ಮಾನ್ಯಖೇಟದ ಹಿಗ್ಗೂ ಇಬ್ಬರಿಗೂ ತಪ್ಪುವುದು. ಆದುದರಿಂದ ಕಳೆದ ಎರಡು ವರ್ಷಗಳಿಂದ ನಾವು ಆ ಅಧ್ಯಾಯದೊಂದಿಗೆ ಕಲ್ಯಾಣದ 1326ರ ಶಾಸನದ ಕನ್ನಡ ಸಾರಾಂಶವನ್ನೂ ವಿದ್ಯಾರ್ಥಿಗಳಿಗೆ ಕೊಟ್ಟು, ಇದನ್ನು ‘ಗತವೈಭವ’ದ ಯಾವ ಅಧ್ಯಾಯದಲ್ಲಿ ಸೇರಿಸುವಿರೆಂದು ಕೇಳುತ್ತ ಬಂದಿದ್ದೇವೆ. ಉತ್ತರಗಳು ಬಗೆಬಗೆಯಾಗಿ ಬಂದಿವೆ. ಈ ವರ್ಷ ವಿದ್ಯಾರ್ಥಿನಿಯೊಬ್ಬಳು ಚಾಲುಕ್ಯರಿಗೂ ವಿಜಯನಗರಕ್ಕೂ ನಡುವೆ ಹೊಸದೊಂದು ಅಧ್ಯಾಯವನ್ನೇ ಸೂಚಿಸಿ, ಅದಕ್ಕೆ ‘ಕಲಬುರಗಿ’ ಎಂದಷ್ಟೇ ಹೆಸರಿಟ್ಟಿದ್ದಾಳೆ.